ವಾಡೆಯ ಕಪಾಟಿನ ವೆಬ್ಲಿ: .32 ಬೋರಿನ ಹಳೆಯ ಪಿಸ್ತೂಲಿನ ಪರಾಮರ್ಶೆ

ಜಮಖಂಡಿ, ಮುಧೋಳ, ಇಂಡಿ, ಸಿಂದಗಿಗಳ ಕಡೆಯ ಹಳೆಯ ದೇಸಾಯಿ ಮತ್ತು ಪಾಟೀಲ ಮನೆತನಗಳಲ್ಲಿ ಪಿಸ್ತೂಲಿನ ಮಾತು ಬಂದಾಗ, ನಾನು ಕಂಡ ಮಟ್ಟಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಹೆಸರು ವೆಬ್ಲಿ. ಬರ್ಮಿಂಗ್‌ಹ್ಯಾಮ್ ನಗರದ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ 1940ರ ವರೆಗೆ ತಯಾರಿಸಿದ .32 ಬೋರಿನ (ಬೋರು ಎಂದರೆ ನಳಿಗೆಯ ಒಳಗಿನ ಅಳತೆ) ಈ ಅರೆ ಸ್ವಯಂಚಾಲಿತ ಪಿಸ್ತೂಲು ಅಜ್ಜನ ಕಾಲದಲ್ಲಿ ನಮ್ಮ ಮನೆಗೆ ಬಂದಿತು; ತಂದೆಯವರ ನಂತರ ವಾರಸಾ ಹಕ್ಕಿನಿಂದ ನನ್ನ ಲೈಸನ್ಸಿಗೆ ಸೇರಿತು. ಅದನ್ನು ಕಪಾಟಿನಲ್ಲಿಟ್ಟು ಅತಿಥಿಗಳಿಗೆ ತೋರಿಸುವ ವಸ್ತುವಾಗಿ ಅಲ್ಲ, ಬಿಚ್ಚಿ ಒರೆಸಿ ಎಣ್ಣೆ ಹಾಕಿ, ರೇಂಜಿನಲ್ಲಿ ಹಾರಿಸಿ ಬಳಸಿದ ಒಂದು ಯಂತ್ರವಾಗಿ ಇಲ್ಲಿ ಪರಿಶೀಲಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಾರಸಾದಿಂದ ಬಂದ ವೆಬ್ಲಿಯನ್ನು ಮಾರಬಾರದು, ಆದರೆ ಇಂದಿನ ಬೆಲೆ ತೆತ್ತು ಹೊಸದಾಗಿ ಕೊಳ್ಳಲು ಹೊರಟವರು ಇನ್ನಷ್ಟು ಹಣ ಕೂಡಿಸಿ ಕೋಲ್ಟ್ ಕಂಪನಿಯ 1903ರ ಮಾದರಿಯನ್ನು ಹುಡುಕುವುದು ಮೇಲು.

ಹೀಗೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಪ್ರಶ್ನೆ ಏಳುವುದೇ ನಮ್ಮ ಕಾನೂನಿನಿಂದ. ಅಮೆರಿಕದ ಸಂಗ್ರಾಹಕನು ಒಂದೇ ಮಾದರಿಯ ಬೇರೆ ಬೇರೆ ವರ್ಷಗಳ ಪಿಸ್ತೂಲುಗಳನ್ನು ಗೋಡೆಯ ತುಂಬ ಜೋಡಿಸಿಕೊಳ್ಳಬಹುದು. ನಮ್ಮಲ್ಲಿ 1959ರ ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡೇ. ಅದಕ್ಕೆ ಮೊದಲು ಮೂರಕ್ಕೆ ಅವಕಾಶವಿತ್ತು, ಮತ್ತು ವಾರಸಾದಿಂದ ಬಂದ ಆಯುಧವೂ ಈ ಎರಡರ ಲೆಕ್ಕದಲ್ಲೇ ಸೇರುತ್ತದೆ. ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಎರಡರಲ್ಲಿ ಒಂದು ಸ್ಥಾನವನ್ನು ಹೊಲದ ಕಾವಲಿನ ಹನ್ನೆರಡು ಬೋರಿನ ಜೋಡು ನಳಿಗೆಯ ಬಂದೂಕು ಆಗಲೇ ಹಿಡಿದಿರುತ್ತದೆ. ಕಬ್ಬಿನ ಬೆಳೆಗೆ ಹಂದಿಗಳ ಕಾಟ ಇರುವವರೆಗೆ ಅದನ್ನು ಬಿಟ್ಟುಕೊಡಲು ಯಾರೂ ಒಪ್ಪುವುದಿಲ್ಲ. ಹೀಗಾಗಿ ಬಾಗಲಕೋಟೆ ಅಥವಾ ವಿಜಯಪುರದಲ್ಲಿ ಹಳೆಯ ಪಿಸ್ತೂಲುಗಳ ಸಂಗ್ರಹ ಎಂದರೆ ವಾಸ್ತವದಲ್ಲಿ ಉಳಿದ ಆ ಒಂದು ಸ್ಥಾನಕ್ಕೆ ಯಾವುದನ್ನು ತರಬೇಕು ಎಂಬ ವಿಚಾರವೇ ಆಗಿರುತ್ತದೆ.

ನೂರು ವರ್ಷ ಹಳೆಯದಾದ ಮೇಲೆ ಅದು ಪುರಾತನ ವಸ್ತು, ಅದಕ್ಕೆ ಲೈಸನ್ಸು ಬೇಕಿಲ್ಲ ಎಂದು ಹೇಳುವವರು ಬಹಳ ಜನರಿದ್ದಾರೆ. ಈ ಮಾತನ್ನು ನಂಬಿ ಯಾರೂ ತೊಂದರೆಗೆ ಸಿಲುಕಬಾರದು. ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುವುದು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ, ಅದೂ ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂಥದಕ್ಕೆ ಮಾತ್ರ. ವೆಬ್ಲಿಯ .32 ಇಂದು ಅಂಗಡಿಯಲ್ಲಿ ಸಿಗುವ ಕಾಡತೂಸನ್ನೇ ಹಾರಿಸುತ್ತದೆ. ಆದುದರಿಂದ ಅದು 1910ರಲ್ಲಿ ತಯಾರಾದದ್ದೇ ಆಗಿರಲಿ, ಕಾನೂನಿನ ದೃಷ್ಟಿಯಲ್ಲಿ ನಿನ್ನೆ ತಯಾರಾದ ಪಿಸ್ತೂಲಿಗೂ ಅದಕ್ಕೂ ಭೇದವಿಲ್ಲ. ಇದರ ಜೊತೆಗೆ ಬೋರಿನ ಕಟ್ಟಳೆಯೂ ಇದೆ. ಸೈನ್ಯ ಬಳಸುವ 9 ಎಂ.ಎಂ. ಗುಂಡನ್ನು ಹಾರಿಸಬಲ್ಲ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರಿನದು, ಆದ್ದರಿಂದ ಜರ್ಮನಿಯ ಪ್ರಸಿದ್ಧ ಲೂಗರ್ ಪಿಸ್ತೂಲಿನ 1908ರ ಸೈನಿಕ ಮಾದರಿಯು ನಮ್ಮ ಆಯ್ಕೆಯಿಂದ ಮೊದಲೇ ಹೊರಗುಳಿಯುತ್ತದೆ. .32 ಬೋರಿಗೆ ಆ ನಿಷೇಧವಿಲ್ಲ. ವೆಬ್ಲಿ, ಕೋಲ್ಟ್ ಮತ್ತು ಬೆಲ್ಜಿಯಂ ದೇಶದ ಬ್ರೌನಿಂಗ್ ಎಂಬ ಮೂರು ಹೆಸರುಗಳೇ ಮತ್ತೆ ಮತ್ತೆ ಕಿವಿಗೆ ಬೀಳುವುದಕ್ಕೆ ಇದೇ ಕಾರಣ.

ಲೈಸನ್ಸಿನ ಈ ಇತಿಹಾಸ ನಮ್ಮ ಜಿಲ್ಲೆಗೆ ಹೊರಗಿನದೇನಲ್ಲ. 1857ರಲ್ಲಿ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಬ್ರಿಟಿಷರ ಎದುರು ನಿಂತದ್ದು, ಅದಕ್ಕಾಗಿ ಗಲ್ಲಿಗೇರಿದ್ದು ಇದೇ ಮುಧೋಳ ಸೀಮೆಯಲ್ಲಿ. 1878ರ ಆಯುಧ ಕಾಯ್ದೆ ಬಂದ ಮೇಲೆ ಲೈಸನ್ಸು ಪಡೆಯುವುದು ಸರಕಾರದ ವಿಶ್ವಾಸದ ಗುರುತಾಯಿತು. ಕೆಲವು ವಾಡೆಗಳಲ್ಲಿ ಇಂದಿಗೂ ಪಿಸ್ತೂಲಿಗಿಂತ ಆ ಹಳೆಯ ಲೈಸನ್ಸಿನ ಪುಸ್ತಕವನ್ನೇ ಹೆಚ್ಚು ಅಭಿಮಾನದಿಂದ ತೆಗೆದು ತೋರಿಸುತ್ತಾರೆ.

ಇನ್ನು ಪಿಸ್ತೂಲಿನ ವಿಷಯ. 1897ರಲ್ಲಿ ಮೂರು ಬಂದೂಕು ತಯಾರಕ ಸಂಸ್ಥೆಗಳು ಒಂದಾಗಿ ರೂಪುಗೊಂಡ ಈ ಕಂಪನಿಗೆ ರಿವಾಲ್ವರುಗಳಿಂದ ಹೆಸರು ಬಂದಿತ್ತು. ಅದರ ಸ್ವಯಂಚಾಲಿತ ಪಿಸ್ತೂಲುಗಳನ್ನು ರೂಪಿಸಿದವನು ವಿಲಿಯಂ ಜಾನ್ ವೈಟಿಂಗ್. 1910ರ ಡಿಸೆಂಬರಿನಲ್ಲಿ ಲಂಡನ್ನಿನ ಹೌಂಡ್ಸ್‌ಡಿಚ್ ಎಂಬಲ್ಲಿ ಕಳ್ಳರ ಗುಂಡಿಗೆ ಮೂವರು ಪೋಲೀಸರು ಬಲಿಯಾದರು. ಮರುತಿಂಗಳು ಅದೇ ಗುಂಪಿನವರು ಅಡಗಿದ್ದ ಸಿಡ್ನಿ ಸ್ಟ್ರೀಟಿನ ಮನೆಯ ಮುತ್ತಿಗೆಯಲ್ಲಿ ಪೋಲೀಸರ ಆಯುಧಗಳು ಎಷ್ಟು ಹಳೆಯವು ಎಂಬುದು ಜಗಜ್ಜಾಹೀರಾಯಿತು. ಆ ಬಳಿಕ 1911ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ಪೋಲೀಸು ಆರಿಸಿಕೊಂಡದ್ದು ವೆಬ್ಲಿಯ ಇದೇ .32 ಪಿಸ್ತೂಲನ್ನು. ಇಂಗ್ಲೆಂಡಿನ ಪೋಲೀಸರ ಪಿಸ್ತೂಲು ಎಂಬ ಈ ಖ್ಯಾತಿಯೇ ಭಾರತದಲ್ಲಿಯೂ ಅದರ ಮಾರಾಟಕ್ಕೆ ನೆರವಾಗಿರಬೇಕು ಎಂದು ನನ್ನ ಊಹೆ. ಆಗ ಬೆಳಗಾವಿ ಮತ್ತು ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು, ಬೆಳಗಾವಿಯ ಕ್ಯಾಂಪಿನಲ್ಲಿ ಬ್ರಿಟಿಷ್ ಅಧಿಕಾರಿಗಳ ವಸತಿ ಇತ್ತು, ಮತ್ತು ಅಧಿಕಾರಿಗಳ ಸೊಂಟದಲ್ಲಿದ್ದದ್ದು ವಾಡೆಗಳಲ್ಲಿಯೂ ಇರಬೇಕು ಎಂಬ ಆಸೆ ಸಹಜವೇ.

ಕೈಗೆತ್ತಿಕೊಂಡಾಗ ಮೊದಲು ಗಮನಕ್ಕೆ ಬರುವುದು ಇದು ಸುಂದರವಾದ ಪಿಸ್ತೂಲಲ್ಲ ಎಂಬುದು. ಎಲ್ಲ ಅಂಚುಗಳೂ ಚೌಕ, ಹಿಡಿಕೆಯು ನಳಿಗೆಗೆ ಹೆಚ್ಚುಕಡಿಮೆ ಲಂಬವಾಗಿ ಇಳಿದಿದೆ. ಇದರ ಪರಿಣಾಮ ಗುರಿ ಹಿಡಿಯುವಾಗ ತಿಳಿಯುತ್ತದೆ: ಕೈಯನ್ನು ಸಹಜವಾಗಿ ಚಾಚಿದರೆ ನಳಿಗೆಯ ಬಾಯಿ ಕೆಳಗೆ ನೋಡುತ್ತದೆ, ಮಣಿಕಟ್ಟನ್ನು ಬೇಕೆಂದೇ ಮೇಲೆತ್ತಿಕೊಳ್ಳಬೇಕಾಗುತ್ತದೆ. ಗುರಿ ಹಿಡಿಯುವ ಕಣ್ಣು ಮತ್ತು ಮೊನೆ ತೀರ ಚಿಕ್ಕವು. ಚಾಳೀಸು ದಾಟಿ ಕನ್ನಡಕ ಬಂದವರಿಗೆ ಸಂಜೆಯ ಬೆಳಕಿನಲ್ಲಿ ಅವು ಇದ್ದೂ ಇಲ್ಲದಂತೆ. ಇಷ್ಟಾದರೂ ತೂಕ ಸುಮಾರು 570 ಗ್ರಾಂ ಮಾತ್ರ, ನಳಿಗೆಯ ಉದ್ದ ಮೂರೂವರೆ ಇಂಚು, ಹಿಡಿಕೆಯೊಳಗೆ ಕೂಡುವ ಗುಂಡಿನ ಡಬ್ಬಿಯಲ್ಲಿ, ಅಂದರೆ ಮ್ಯಾಗಜಿನ್ನಿನಲ್ಲಿ, ಎಂಟು ಗುಂಡು ಹಿಡಿಯುತ್ತವೆ. ಆ ಕಾಲದ ಲೆಕ್ಕಕ್ಕೆ, ಆರು ಗುಂಡಿನ ದಪ್ಪ ರಿವಾಲ್ವರಿನ ಎದುರು, ಇದು ಸಣ್ಣ ಲಾಭವೇನಲ್ಲ.

ಲೋಹದ ಕೆಲಸವಂತೂ ಅಚ್ಚುಕಟ್ಟು. ನನ್ನ ಪಿಸ್ತೂಲಿನಲ್ಲಿ ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಜಾರುವ ಮೇಲಿನ ಭಾಗವನ್ನು, ಹಿಂದಕ್ಕೆಳೆದಾಗ ಇಷ್ಟು ವರ್ಷಗಳ ನಂತರವೂ ಎಡಬಲಕ್ಕೆ ಅಲುಗಾಟವಿಲ್ಲ. ಒಳಗಿನ ತತ್ತ್ವ ಸರಳವಾದದ್ದು: ಗುಂಡು ಮುಂದೆ ಹೊರಡುವ ಒತ್ತಡವೇ ಸ್ಲೈಡನ್ನು ಹಿಂದೆ ತಳ್ಳುತ್ತದೆ, ಖಾಲಿ ಕಾಡತೂಸು ಹೊರಗೆ ಸಿಡಿಯುತ್ತದೆ, ಸ್ಪ್ರಿಂಗಿನ ಬಲದಿಂದ ಸ್ಲೈಡು ಮುಂದೆ ಮರಳುವಾಗ ಮ್ಯಾಗಜಿನ್ನಿನಿಂದ ಮುಂದಿನ ಗುಂಡನ್ನು ನಳಿಗೆಗೆ ಸೇರಿಸುತ್ತದೆ. ನಳಿಗೆ ಮಾತ್ರ ತನ್ನ ಜಾಗದಿಂದ ಕದಲುವುದಿಲ್ಲ. ಕದಲದ ನಳಿಗೆಯ ಪಿಸ್ತೂಲು ನೆಟ್ಟಗೆ ಹೊಡೆಯುತ್ತದೆ. ಹತ್ತು ಮೀಟರಿನ ದೂರದಲ್ಲಿ, ಆ ಚಿಕ್ಕ ಗುರಿಕಣ್ಣಿನಿಂದಲೇ, ಗುಂಡುಗಳು ಅಂಗೈಯಗಲದಲ್ಲಿ ಕೂಡಿ ಬೀಳುತ್ತವೆ. ಮನೆಯ ರಕ್ಷಣೆಗೆಂದು ತಯಾರಾದ ವಸ್ತುವಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಸರಿಯಲ್ಲ.

ವೈಟಿಂಗ್‌ನ ಜಾಣತನ ಎರಡು ಕಡೆ ಕಾಣಿಸುತ್ತದೆ, ಮತ್ತು ಆ ಎರಡರಲ್ಲೊಂದು ಇಂದಿನ ಒಡೆಯನಿಗೆ ತಲೆನೋವು. ಮೊದಲನೆಯದು ಟ್ರಿಗರ್ ಗಾರ್ಡು. ಬೇರೆ ಪಿಸ್ತೂಲುಗಳಲ್ಲಿ ಬೆರಳಿಗೆ ಕಾವಲಾಗಿ ಮಾತ್ರ ಇರುವ ಆ ಬಳೆಯೇ ಇಲ್ಲಿ ನಳಿಗೆ ಮತ್ತು ಸ್ಲೈಡನ್ನು ಚೌಕಟ್ಟಿಗೆ ಹಿಡಿದಿಡುವ ಬೀಗವೂ ಆಗಿದೆ. ಅದನ್ನು ಸಡಿಲಿಸಿದರೆ ಮೇಲಿನ ಭಾಗವೆಲ್ಲ ಮುಂದಕ್ಕೆ ಜಾರಿ ಕೈಗೆ ಬರುತ್ತದೆ, ಯಾವ ಸಲಕರಣೆಯೂ ಬೇಕಾಗುವುದಿಲ್ಲ. ಎರಡನೆಯದು ಸ್ಲೈಡನ್ನು ಮರಳಿಸುವ ಸ್ಪ್ರಿಂಗು. ಬ್ರೌನಿಂಗ್ ಮಾದರಿಗಳಲ್ಲಿ ಅದು ನಳಿಗೆಯ ಕೆಳಗೋ ಸುತ್ತಲೋ ಇರುವ ಸಾಮಾನ್ಯ ಸುರುಳಿ. ವೆಬ್ಲಿಯಲ್ಲಿ ಅದು ಇಕ್ಕಳದಂತೆ ಮಡಚಿದ ಚಪ್ಪಟೆ ಉಕ್ಕಿನ ಪಟ್ಟಿಯಾಗಿ ಬಲಬದಿಯ ಹಿಡಿಕೆಯ ಕೆಳಗೆ ಅಡಗಿದೆ. ರಿವಾಲ್ವರು ಮಾಡುವವರ ಕೈಗೆ ಆ ಬಗೆಯ ಸ್ಪ್ರಿಂಗು ಪಳಗಿದ್ದರಿಂದ ಅವರಿಗೆ ಅದು ಸುಲಭವೇ ಆಗಿತ್ತು. ಆದರೆ ಸುರುಳಿ ಸ್ಪ್ರಿಂಗು ಬಹುಕಾಲದ ಬಳಕೆಯಿಂದ ನಿಧಾನವಾಗಿ ಬಲಗುಂದುತ್ತದೆ, ಮಡಚಿದ ಪಟ್ಟಿಯ ಸ್ಪ್ರಿಂಗು ಮಡಿಕೆಯ ಜಾಗದಲ್ಲಿ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ, ಮತ್ತು ತುಂಡಾದರೆ ಬದಲಿ ಸಿಗುವುದಿಲ್ಲ. ಊರಿನ ಲೇಥ್ ಅಂಗಡಿಯವರು ಟ್ರ್ಯಾಕ್ಟರಿನ ಏನನ್ನು ಬೇಕಾದರೂ ಮಾಡಿಕೊಡಬಲ್ಲರು, ಆದರೆ ಬಂದೂಕಿನ ದುರಸ್ತಿಗೂ ಲೈಸನ್ಸು ಬೇಕು ಎಂಬುದನ್ನು ಮರೆತು ಅಲ್ಲಿಗೆ ಒಯ್ಯುವುದು ಇಬ್ಬರಿಗೂ ಅಪರಾಧ.

ಹಿಡಿಕೆಯ ಪಟ್ಟಿಗಳು ವಲ್ಕನೈಟ್ ಎಂಬ ಗಡಸು ರಬ್ಬರಿನವು. ನೂರು ವರ್ಷಗಳಲ್ಲಿ ಅವು ಬಿರುಸಾಗಿರುತ್ತವೆ, ಸ್ಕ್ರೂ ಬಿಗಿ ಹೆಚ್ಚಾದರೆ ಮೂಲೆ ಚೂರಾಗಿ ಹಾರುತ್ತದೆ. ಸ್ಪ್ರಿಂಗನ್ನು ನೋಡಬೇಕೆಂಬ ಕುತೂಹಲಕ್ಕೆ ಬಲಬದಿಯ ಪಟ್ಟಿಯನ್ನು ಪದೇ ಪದೇ ಬಿಚ್ಚದಿರುವುದು ಲೇಸು. ಮಾರಾಟಕ್ಕೆ ಬರುವ ವೆಬ್ಲಿಗಳಲ್ಲಿ ಎಡಗಡೆಯದು ಸರಿಯಿದ್ದು ಬಲಗಡೆಯದು ಒಡೆದಿರುವುದನ್ನು ಕಂಡಾಗಲೆಲ್ಲ ಆ ಕುತೂಹಲದ ಕಥೆ ನನಗೆ ಅರ್ಥವಾಗುತ್ತದೆ.

ಸುರಕ್ಷತೆಯ ಬಗ್ಗೆ ವೆಬ್ಲಿಗೆ ಒಂದು ಗುಣವೂ ಒಂದು ಕೊರತೆಯೂ ಇವೆ. ಕಾಡತೂಸನ್ನು ಸಿಡಿಸಲು ಪೆಟ್ಟು ಕೊಡುವ ಹ್ಯಾಮರು ಹೊರಗೆ ಕಾಣುವಂತಿದೆ, ಆದ್ದರಿಂದ ಪಿಸ್ತೂಲು ಏರಿಸಿದ ಸ್ಥಿತಿಯಲ್ಲಿದೆಯೋ ಇಳಿಸಿದ ಸ್ಥಿತಿಯಲ್ಲಿದೆಯೋ ಎಂಬುದು ಒಂದೇ ನೋಟಕ್ಕೆ, ಕತ್ತಲಾದರೆ ಹೆಬ್ಬೆರಳಿಗೆ ತಿಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ. ಕೊರತೆ ಏನೆಂದರೆ, ಹಿಡಿಕೆಯನ್ನು ಅಂಗೈ ಒತ್ತಿದ ಹೊರತು ಹಾರದಂತೆ ತಡೆಯುವ ಹಿಡಿಕೆ ಸೇಫ್ಟಿ ಈ ಮಾದರಿಯಲ್ಲಿಲ್ಲ. ನನ್ನದರಲ್ಲಿ ಎಡಬದಿಯ ಒಂದು ಸಣ್ಣ ಕೀಲೇ ಎಲ್ಲ. ಇಂದಿನ ಪಿಸ್ತೂಲುಗಳಲ್ಲಿ ಟ್ರಿಗರ್ ಒತ್ತುವವರೆಗೆ ಕಾಡತೂಸಿಗೆ ಚುಚ್ಚುವ ಫೈರಿಂಗ್ ಪಿನ್ನನ್ನು ತಾನಾಗಿಯೇ ತಡೆದಿಡುವ ವ್ಯವಸ್ಥೆ ಇರುತ್ತದೆ. ಆ ಕಾಲದ ಈ ಯಾವ ಪಿಸ್ತೂಲಿನಲ್ಲಿಯೂ ಅದಿಲ್ಲವಾದ್ದರಿಂದ ನಳಿಗೆಯಲ್ಲಿ ಗುಂಡು ಇಟ್ಟು ಒಯ್ಯುವುದು ಮೂರ್ಖತನ, ಕೈಜಾರಿ ಬಿದ್ದರೆ ಹಾರುವ ಸಂಭವವಿದೆ.

ಬ್ರೌನಿಂಗ್‌ನ 1910ರ ಮಾದರಿಯ ಎದುರು ಇಟ್ಟು ನೋಡಿದರೆ ವೆಬ್ಲಿಯ ವಯಸ್ಸು ಎದ್ದು ಕಾಣುತ್ತದೆ. ಎರಡರ ಕಾಲವೂ ತೂಕವೂ ಹೆಚ್ಚುಕಡಿಮೆ ಒಂದೇ. ಆದರೆ ಅದನ್ನು ರೂಪಿಸಿದ ಜಾನ್ ಬ್ರೌನಿಂಗ್ ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಸುತ್ತಿ, ಹ್ಯಾಮರನ್ನು ತೆಗೆದುಹಾಕಿ, ಹೊರಮೈಯನ್ನು ಸೋಪಿನ ಬಿಲ್ಲೆಯಷ್ಟು ನುಣುಪಾಗಿಸಿದ. ಜೇಬಿನಿಂದ ತೆಗೆಯುವಾಗ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ, ಹಿಡಿಕೆ ಸೇಫ್ಟಿಯೂ ಇದೆ. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ನನ್ನು ಕೊಂದದ್ದು ಇದೇ ಮಾದರಿಯ, .380 ಬೋರಿನ ಪಿಸ್ತೂಲು. ರೂಪಕಲ್ಪನೆಯ ದೃಷ್ಟಿಯಿಂದ ಮೂರರಲ್ಲಿ ಇದೇ ಶ್ರೇಷ್ಠವೆಂದು ನಾನು ಒಪ್ಪುತ್ತೇನೆ. ಆದರೆ ಸಂಗ್ರಾಹಕನಿಗೆ ಇದರಲ್ಲಿ ಎರಡು ಅಡ್ಡಿಗಳಿವೆ. .32 ಬೋರಿನಲ್ಲಿ ಮ್ಯಾಗಜಿನ್ನಿಗೆ ಏಳೇ ಗುಂಡು ಎಂಬುದು ಸಣ್ಣ ಅಡ್ಡಿ. ದೊಡ್ಡದು, ಈ ಮಾದರಿಯನ್ನು 1980ರ ದಶಕದವರೆಗೂ ತಯಾರಿಸಿದ್ದಾರೆ. ಹೆಸರಿನಲ್ಲಿ 1910 ಇದ್ದ ಮಾತ್ರಕ್ಕೆ ಪಿಸ್ತೂಲು ಆ ವರ್ಷದ್ದಾಗುವುದಿಲ್ಲ, ಆದರೆ ಮಾರುವವರು ಬೆಲೆ ಹೇಳುವುದು ಮಾತ್ರ ಅದು ಮೊದಲ ಮಹಾಯುದ್ಧಕ್ಕಿಂತ ಹಿಂದಿನದು ಎಂಬಂತೆ.

ಕೋಲ್ಟ್ 1903ನ್ನು ಮೊದಲೇ ಹೊಗಳಿದ್ದೇನೆ, ಅದಕ್ಕೆ ಕಾರಣ ಕೊಡಬೇಕು. ಇದೂ ಬ್ರೌನಿಂಗ್‌ನ ಕೃತಿಯೇ, ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ 1945ರ ವರೆಗೆ ತಯಾರಾಗುತ್ತಿತ್ತು. ಹ್ಯಾಮರು ಸ್ಲೈಡಿನ ಒಳಗೆ ಮರೆಯಾಗಿದೆ, ಎಂಟು ಗುಂಡು ಹಿಡಿಯುತ್ತವೆ, ತೂಕ ವೆಬ್ಲಿಗಿಂತ ನೂರು ಗ್ರಾಂನಷ್ಟು ಹೆಚ್ಚು. ಆ ಹೆಚ್ಚಿನ ತೂಕವೇ ರೇಂಜಿನಲ್ಲಿ ಅನುಕೂಲ, ಕೈ ನಡುಗುವುದಿಲ್ಲ. ಹಿಡಿಕೆಯ ಓರೆಯಂತೂ ಯಾರ ಕೈಗೂ ಒಗ್ಗುತ್ತದೆ, ಚಾಚಿದ ತೋಳಿನ ನೇರಕ್ಕೆ ನಳಿಗೆ ತಾನಾಗಿ ನಿಲ್ಲುತ್ತದೆ. .32 ಬೋರಿನಲ್ಲೇ ಐದೂವರೆ ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳು ತಯಾರಾಗಿರುವುದರಿಂದ ಬಿಡಿಭಾಗಗಳು ಜಗತ್ತಿನಲ್ಲಿ ಇನ್ನೂ ಇವೆ. ಪಿಸ್ತೂಲಿನ ಮೇಲೆ ಕೊರೆದ ಸಂಖ್ಯೆಯನ್ನು ಬರೆದು ಕೇಳಿದರೆ ಕೋಲ್ಟ್ ಕಂಪನಿಯು ಶುಲ್ಕ ಪಡೆದು ತನ್ನ ಹಳೆಯ ದಾಖಲೆಯಿಂದ ಆ ಪಿಸ್ತೂಲು ಯಾವಾಗ ಎಲ್ಲಿಗೆ ರವಾನೆಯಾಯಿತು ಎಂಬ ಪತ್ರ ಕೊಡುತ್ತದೆ. ಸಂಗ್ರಾಹಕನಿಗೆ ಇದು ಚಿನ್ನದಂಥ ಅನುಕೂಲ.

ಭಾರತೀಯ ಸಂಗ್ರಾಹಕನಿಗೆ ಕೋಲ್ಟಿನ ಮೇಲೆ ಪ್ರೀತಿ ಹುಟ್ಟಲು ಬೇರೊಂದು ಕಾರಣವೂ ಇದೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಬ್ರಿಟಿಷ್ ಪೋಲೀಸ್ ಅಧಿಕಾರಿ ಸಾಂಡರ್ಸ್‌ನನ್ನು ಕೊಲ್ಲುವಾಗ ಭಗತ್ ಸಿಂಗರು ಬಳಸಿದ್ದು .32 ಬೋರಿನ ಕೋಲ್ಟ್ ಪಿಸ್ತೂಲು. 168896 ಎಂಬ ಸಂಖ್ಯೆಯ ಆ ಪಿಸ್ತೂಲು ಇಂದೋರಿನ ಗಡಿ ಭದ್ರತಾ ಪಡೆಯ ಸಂಗ್ರಹದಲ್ಲಿ ಯಾರ ಲಕ್ಷ್ಯಕ್ಕೂ ಬಾರದೆ ದಶಕಗಳ ಕಾಲ ಇತ್ತು, 2016ರಲ್ಲಿ ಹಳೆಯ ದಾಖಲೆಗಳಿಗೆ ತಾಳೆ ನೋಡಿದಾಗ ಗುರುತು ಸಿಕ್ಕಿತು. ಗುರುತಿಗೆ ಆಧಾರವಾದದ್ದು ಚೌಕಟ್ಟಿನ ಮೇಲೆ ಅಳಿಯದೆ ಉಳಿದ ಆ ಸಂಖ್ಯೆಯೇ ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ಪಾಲಿಶಿನ ಮಾತು ಬರುವುದಿದೆ. ಚಂದ್ರಶೇಖರ ಆಜಾದರ ಕೋಲ್ಟ್ ಪಿಸ್ತೂಲು ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನು 1914ರ ಆಗಸ್ಟಿನಲ್ಲಿ ಕಲಕತ್ತೆಯ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಯ ಮಾಲಿನಿಂದ ಬಂಗಾಳದ ಕ್ರಾಂತಿಕಾರಿಗಳು ಅಪಹರಿಸಿದ 50 ಪಿಸ್ತೂಲುಗಳು ಮತ್ತು 46,000 ಗುಂಡುಗಳು ಮೌಸರ್ ಜಾತಿಯವು, ಹತ್ತು ಗುಂಡಿನ ದೊಡ್ಡ ಸೈನಿಕ ಪಿಸ್ತೂಲುಗಳು; ಅವುಗಳ ಕಥೆ ಎಷ್ಟೇ ರೋಚಕವಾದರೂ ಜೇಬಿನ ಪಿಸ್ತೂಲಿನ ಈ ವಿಮರ್ಶೆಗೆ ಅವು ಸೇರುವುದಿಲ್ಲ.

ಕಾಡತೂಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ .32 ಎಂದು ಎರಡು ಬೇರೆ ಬೇರೆ ಕಾಡತೂಸುಗಳಿಗೆ ಹೇಳುತ್ತಾರೆ. ರಿವಾಲ್ವರಿನ .32 ಕಾಡತೂಸಿಗೆ ಹಿಂಬದಿಯಲ್ಲಿ ಅಗಲವಾದ ಅಂಚಿರುತ್ತದೆ, ಅದು ಉದ್ದವೂ ಹೌದು, ಪಿಸ್ತೂಲಿನ.32 ಗಿಡ್ಡ, ಅಂಚು ಅತಿ ಸಣ್ಣದು. ಪಿಸ್ತೂಲಿನದನ್ನೇ 7.65 ಎಂ.ಎಂ. ಬ್ರೌನಿಂಗ್ ಎಂದೂ ಕರೆಯುತ್ತಾರೆ, 1899ರಲ್ಲಿ ಬ್ರೌನಿಂಗ್‌ನ ಪಿಸ್ತೂಲಿನ ಜೊತೆಗೇ ಅದು ಹುಟ್ಟಿತು. ಸರಕಾರಿ ಆಯುಧ ಕಾರ್ಖಾನೆಯ ಗುಂಡುಗಳು ಎರಡೂ ಬಗೆಯಲ್ಲಿ ಬರುವುದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ಅಜ್ಜನ ಕಾಲದ ಡಬ್ಬಿಯಲ್ಲಿ ಉಳಿದ ಗುಂಡುಗಳನ್ನು ಹಾರಿಸುವ ಆಸೆಯನ್ನು ಬಿಡಬೇಕು. ಆ ಕಾಲದ ಕೇಪಿನ ಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ, ಉಪ್ಪು ಗಾಳಿಯ ತೇವವನ್ನು ಹೀರುತ್ತದೆ, ತೊಳೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಒಳಗೆ ತುಕ್ಕಿನ ಕುಳಿಗಳು ಬೀಳುತ್ತವೆ. ಹೊರಗೆ ಹೊಳೆಯುವ ಎಷ್ಟೋ ಪಿಸ್ತೂಲುಗಳ ನಳಿಗೆಯೊಳಗೆ ಇಣುಕಿದರೆ ಕಾಣುವ ಕಪ್ಪು ಕುಳಿಗಳಿಗೆ ಇದೇ ಮೂಲ.

ಪಾಲನೆಯ ವಿಷಯಕ್ಕೆ ಬಂದರೆ ನಮ್ಮ ಪದ್ಧತಿಗಳೇ ವೆಬ್ಲಿಗೆ ದೊಡ್ಡ ಶತ್ರು. ಖಂಡೇನವಮಿಯ ದಿನ ಆಯುಧಕ್ಕೆ ಅರಿಷಿಣ ಕುಂಕುಮ ಹಚ್ಚಿ ಹೂವೇರಿಸಿ ಪೂಜಿಸುವುದು ನಮ್ಮ ಮನೆಯಲ್ಲಿಯೂ ಉಂಟು, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ನೀರಿನಲ್ಲಿ ಕಲಸಿದ ಕುಂಕುಮವನ್ನು ನೇರವಾಗಿ ಉಕ್ಕಿಗೆ ಹಚ್ಚಿ ದೀಪಾವಳಿಯವರೆಗೆ ಹಾಗೆಯೇ ಬಿಟ್ಟರೆ ಕಾರ್ಖಾನೆಯ ನೀಲಿಗಪ್ಪು ಲೇಪ, ಅಂದರೆ ಬ್ಲೂಯಿಂಗು, ಆ ಜಾಗದಲ್ಲಿ ಶಾಶ್ವತವಾಗಿ ಹೋಗುತ್ತದೆ. ಬೆರಳಗಲದ ಕಂದು ಕಲೆಗಳಿರುವ ಸ್ಲೈಡುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪಿಸ್ತೂಲನ್ನು ತಟ್ಟೆಯಲ್ಲಿಟ್ಟು ತಟ್ಟೆಗೆ ಕುಂಕುಮ ಏರಿಸಿದರೂ ಪೂಜೆ ನಡೆಯುತ್ತದೆ ಎಂದು ನಮ್ಮ ಮನೆಯ ಪುರೋಹಿತರೇ ಒಪ್ಪಿದ್ದಾರೆ. ಕೊಬ್ಬರಿ ಎಣ್ಣೆಯನ್ನೂ ಹಚ್ಚಬಾರದು, ಅದು ಕಾಲಕ್ರಮದಲ್ಲಿ ಅಂಟಾಗಿ ಸ್ಲೈಡಿನ ಚಲನೆಯನ್ನೇ ತಡೆಯುತ್ತದೆ. ಹೊಲಿಗೆ ಯಂತ್ರಕ್ಕೆ ಬಳಸುವ ತೆಳು ಎಣ್ಣೆ ಸಾಕು.

ಚರ್ಮದ ಚೀಲದಲ್ಲಿ ಇಡುವುದು ಎರಡನೆಯ ಅಪಾಯ. ಚರ್ಮ ಹದಮಾಡಲು ಬಳಸಿದ ಒಗರಿನ ಅಂಶವು ತೇವದೊಂದಿಗೆ ಸೇರಿ ಉಕ್ಕನ್ನು ತಿನ್ನುತ್ತದೆ. ಈ ವಿಷಯದಲ್ಲಿ ವಿಜಯಪುರದ ಒಣ ಹವೆ ನಮಗೆ ವರದಾನ, ಬೆಳಗಾವಿಯ ಮಳೆಗಾಲ ಅದಕ್ಕೆ ತದ್ವಿರುದ್ಧ. ಬೆಳಗಾವಿಯಲ್ಲಿ ನೆಲೆಸಿದ ನೆಂಟರೊಬ್ಬರ ಪಿಸ್ತೂಲು ಒಂದೇ ಮಳೆಗಾಲದಲ್ಲಿ ಚೀಲದೊಳಗೆ ತುಕ್ಕಿಗೆ ತುತ್ತಾಯಿತು, ಅದೇ ವಯಸ್ಸಿನ ನಮ್ಮದು ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು ಸುರಕ್ಷಿತವಾಗಿದೆ.

ಎಲ್ಲಕ್ಕಿಂತ ದೊಡ್ಡ ಹಾನಿ ನಿಕಲ್ ಪಾಲಿಶಿನದು. ಮದುವೆ ಮುಂಜಿಗಳಲ್ಲಿ ಸೊಂಟದಲ್ಲಿ ಥಳಥಳಿಸಲಿ ಎಂದು ಎಷ್ಟೋ ವೆಬ್ಲಿಗಳಿಗೆ ಹಿಂದಿನವರು ನಿಕಲ್ ಏರಿಸಿದ್ದಾರೆ. ನಿಕಲ್ ಏರಿಸುವ ಮೊದಲು ಮೇಲ್ಮೈಯನ್ನು ಉಜ್ಜಬೇಕಾಗುತ್ತದೆ. ಉಜ್ಜಿದಾಗ ಅಂಚುಗಳು ದುಂಡಾಗುತ್ತವೆ, ಕಂಪನಿಯ ಹೆಸರು ಮಸುಕಾಗುತ್ತದೆ, ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟದ ಮುದ್ರೆ ಅಳಿಯುತ್ತದೆ. 1813ರಿಂದ ಆ ನಗರದ ಬಂದೂಕುಗಳನ್ನು ಹೆಚ್ಚಿನ ಮದ್ದಿನಿಂದ ಪರೀಕ್ಷಿಸಿ ಒತ್ತುತ್ತಿರುವ ಆ ಮುದ್ರೆಯೇ ನಳಿಗೆಯ ಬಲಕ್ಕೆ ಸಾಕ್ಷಿ. ಸಂಖ್ಯೆಯೂ ಅಳಿದರೆ ಪ್ರಶ್ನೆ ಬೆಲೆಯದಷ್ಟೇ ಆಗಿ ಉಳಿಯುವುದಿಲ್ಲ, ಗುರುತಿನ ಸಂಖ್ಯೆಯನ್ನು ಅಳಿಸುವುದೂ ಸಂಖ್ಯೆಯಿಲ್ಲದ ಬಂದೂಕನ್ನು ಮಾರುವುದೂ ಕಾಯ್ದೆಯ 8ನೆಯ ಕಲಮಿಗೆ ವಿರುದ್ಧ. ಮಾಸಿದ ಮೂಲ ಲೇಪದ ಪಿಸ್ತೂಲು ಹೊಳೆಯುವ ನಿಕಲಿನದಕ್ಕಿಂತ ಎಂದಿಗೂ ಮೇಲು.

ಕಾಗದಪತ್ರಗಳು ಪಿಸ್ತೂಲಿನಷ್ಟೇ ಮುಖ್ಯ, ನಮ್ಮ ಭಾಗದಲ್ಲಿ ಅವುಗಳ ಹಾದಿ ಸ್ವಲ್ಪ ಸುತ್ತಿನದು. 1956ರ ವರೆಗೆ ಲೈಸನ್ಸು ಕೊಟ್ಟದ್ದು ಮುಂಬಯಿ ಸರಕಾರದ ಕಲೆಕ್ಟರು, ಅಥವಾ ಸಂಸ್ಥಾನಗಳಿದ್ದಾಗ ಜಮಖಂಡಿ ಮುಧೋಳಗಳ ದರಬಾರು. ನಂತರ ವಿಜಾಪುರದ ಜಿಲ್ಲಾಧಿಕಾರಿ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅಲ್ಲಿಯ ಕಚೇರಿ. ಪಿಸ್ತೂಲಿನ ಸಂಖ್ಯೆ ಪ್ರತಿ ಸಲವೂ ಕೈಬರಹದಲ್ಲಿ ನಕಲಾಗಿರುವುದರಿಂದ 3 ಎಂಬುದು 8 ಆಗಿರುವ, ಒಂದು ಅಂಕೆ ಬಿಟ್ಟುಹೋಗಿರುವ ಪುಸ್ತಕಗಳು ಉಂಟು. ಈಗ ಪ್ರತಿ ಲೈಸನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಇರಲೇಬೇಕಾದ್ದರಿಂದ, ಲೋಹದ ಮೇಲಿನ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆ ಇದೆಯೇ ಎಂದು ಹಿರಿಯರು ಬದುಕಿರುವಾಗಲೇ ನೋಡಿ ಸರಿಪಡಿಸಿಕೊಳ್ಳಬೇಕು. 2016ರ ನಿಯಮಗಳ ಪ್ರಕಾರ ಲೈಸನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಅವರು ಆಯುಧವನ್ನು 25 ವರ್ಷ ಹೊಂದಿದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಮರಣದ ನಂತರ ಎಲ್ಲ ಅಣ್ಣತಮ್ಮಂದಿರ ಒಪ್ಪಿಗೆಪತ್ರ ಕೂಡಿಸುವ ಕಷ್ಟ ಕಂಡವರಿಗೆ ಈ ನಿಯಮದ ಬೆಲೆ ತಿಳಿದಿದೆ.

ಚುನಾವಣೆ ಬಂದಾಗ ಪಿಸ್ತೂಲನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗುವುದು ಹಳೆಯ ಆಯುಧದ ಒಡೆಯರ ನಿತ್ಯದ ಚಿಂತೆ. ಅಲ್ಲಿ ಅದು ವಾರಗಟ್ಟಲೆ ಬೇರೆ ಬಂದೂಕುಗಳ ನಡುವೆ ಇರುತ್ತದೆ, ಯಾರೂ ಒರೆಸುವುದಿಲ್ಲ. ಒಯ್ಯುವ ಮುನ್ನ ಎಣ್ಣೆಯನ್ನು ತುಸು ದಟ್ಟವಾಗಿ ಹಚ್ಚಿ, ಎರಡೂ ಬದಿಯ ಮತ್ತು ಸಂಖ್ಯೆಯ ಫೋಟೋ ತೆಗೆದು, ಮ್ಯಾಗಜಿನ್ ಸಹಿತ ಕೊಟ್ಟಿದ್ದೇನೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳುವುದು ನನ್ನ ರೂಢಿ.

ಬೆಲೆಯ ಬಗ್ಗೆ ಹೇಳಬೇಕಾದದ್ದು ಇಷ್ಟು. 1980ರ ದಶಕದಲ್ಲಿ ವಿದೇಶೀ ಪಿಸ್ತೂಲುಗಳ ಆಮದು ಖಾಸಗಿಯವರಿಗೆ ನಿಂತುಹೋದ ಮೇಲೆ ದೇಶದೊಳಗೆ ಇದ್ದವುಗಳೇ ಕೈಯಿಂದ ಕೈಗೆ ಹೋಗುತ್ತಿವೆ, ಆದ್ದರಿಂದ ಬೆಲೆ ಲಕ್ಷಗಳಲ್ಲಿಯೇ ಹೇಳಲಾಗುತ್ತದೆ. ಇದೇ ಹೆಸರಿನ ಕಂಪನಿಯು 2020ರಿಂದ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ .32 ರಿವಾಲ್ವರುಗಳನ್ನು ತಯಾರಿಸುತ್ತಿದೆ. ಬಳಕೆಗಷ್ಟೇ ಬೇಕಾದವರು ಹೊಸದನ್ನೇ ಕೊಳ್ಳಲಿ. ಹಳೆಯದೇ ಬೇಕೆನ್ನುವವರು ಮೂಲ ಬ್ಲೂಯಿಂಗು, ಒಡೆಯದ ಬಲಬದಿಯ ಹಿಡಿಕೆ, ಕುಳಿಯಿಲ್ಲದ ನಳಿಗೆ ಇವುಗಳಿಗೆ ಹಣ ಕೊಡಬೇಕು, ಯುದ್ಧದಿಂದ ಬಂದದ್ದು ಅಥವಾ ಕಲೆಕ್ಟರ್ ಸಾಹೇಬರು ಕೊಟ್ಟದ್ದು ಎಂಬ ಕಥೆಗೆ ಕಾಗದವಿಲ್ಲದಿದ್ದರೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು.

ಲೈಸನ್ಸುದಾರರೊಬ್ಬರಿಂದ ನೇರವಾಗಿ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಬೇಕು, ತಿಳಿಸಿದ ಮೇಲೆ 45 ದಿನಗಳು ಕಳೆಯುವವರೆಗೆ ಪಿಸ್ತೂಲು ಕೈಬದಲಾಗಬಾರದು. ಈ ಅವಧಿಯನ್ನು ಸುಮ್ಮನೆ ಕಳೆಯದೆ, ಮಾರುವವರನ್ನೇ ಕರೆದುಕೊಂಡು ಲೈಸನ್ಸುಳ್ಳ ಬಂದೂಕು ವ್ಯಾಪಾರಿಯ ಅಂಗಡಿಯಲ್ಲಿ ಪಿಸ್ತೂಲನ್ನು ಬಿಚ್ಚಿಸಿ, ಆ ಮಡಚಿದ ಸ್ಪ್ರಿಂಗಿನಲ್ಲಿ ಕೂದಲೆಳೆಯ ಬಿರುಕೇನಾದರೂ ಇದೆಯೇ ಎಂದು ಭೂತಗನ್ನಡಿಯಿಂದ ನೋಡಿಸಬೇಕು. ಮ್ಯಾಗಜಿನ್ ಮೂಲದ್ದೇ ಎಂಬುದನ್ನೂ ಅಲ್ಲೇ ಖಾತ್ರಿ ಮಾಡಿಕೊಳ್ಳಬೇಕು. ಕೋಲ್ಟಿನ ಮ್ಯಾಗಜಿನ್ನನ್ನು ಅರದಿಂದ ಉಜ್ಜಿ ವೆಬ್ಲಿಗೆ ಕೂಡಿಸಿರುವ ಉದಾಹರಣೆಗಳಿವೆ; ಅಂಥದ್ದು ಖಾಲಿಯಿದ್ದಾಗ ಸರಿಯಾಗಿ ಕೂಡುತ್ತದೆ, ಗುಂಡು ತುಂಬಿದಾಗ ಎರಡನೆಯದಕ್ಕೋ ಮೂರನೆಯದಕ್ಕೋ ಸ್ಲೈಡು ಸಿಕ್ಕಿಕೊಳ್ಳುತ್ತದೆ. ಮೂಲ ಮ್ಯಾಗಜಿನ್ ಇಲ್ಲದ ವೆಬ್ಲಿಯನ್ನು ಅರ್ಧ ಬೆಲೆಗೆ ಕೊಟ್ಟರೂ ನಾನಾದರೆ ಕೊಳ್ಳುವುದಿಲ್ಲ.